ಅಂಗೈ ಆಕಾಶಕ್ಕೆ: ಷಾರ್ಲೆಟ್‌ನಲ್ಲಿ ಸೈಡ್‌ಆರ್ಮ್ ಎಸೆತ ತಿದ್ದಿಕೊಂಡ ಬಗೆ

ಡಿಸ್ಕ್ ಗಾಲ್ಫ್‌ನ ಸೈಡ್‌ಆರ್ಮ್ ಎಸೆತ ಕೊನೆಗೂ ಕೈಗೆ ಹತ್ತಿದೆ. ಡಿಸ್ಕ್ ಅಲುಗಾಡದೆ ಹೊರಡುತ್ತದೆ, ಬಲಕ್ಕೆ ತಿರುಗಬೇಕಾದ ಕಡೆ ತಿರುಗುತ್ತದೆ, ಮಾರನೆಯ ದಿನ ಮೊಣಕೈ ನೋಯುವುದಿಲ್ಲ. ಇಷ್ಟಾಗಲು ಒಂದು ವರ್ಷದ ಮೇಲೆ ಹಿಡಿಯಿತು. ಮಧ್ಯೆ ದುಡ್ಡು ಖರ್ಚಾಯಿತು, ಫಿಸಿಯೋಥೆರಪಿ ಆಯಿತು, ಇನ್ಶೂರೆನ್ಸ್ ಕಾಗದಗಳ ಹಿಂದೆ ಓಡಾಟವೂ ಆಯಿತು. ಅಮೆರಿಕದ ನಾರ್ತ್ ಕ್ಯಾರೊಲೈನಾದ ಷಾರ್ಲೆಟ್ ಸುತ್ತಮುತ್ತ ಡಿಸ್ಕ್ ಗಾಲ್ಫ್ ಹಿಡಿಯುತ್ತಿರುವ ಕನ್ನಡದ ಗೆಳೆಯರಲ್ಲಿ ಹೆಚ್ಚಿನವರು ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬಂದವರು. ಅವರ ಕೈಯೂ ನನ್ನ ಕೈಯ ಹಾಗೇ ವರ್ತಿಸುವುದನ್ನು ಪಾರ್ಕಿನಲ್ಲಿ ನೋಡುತ್ತಿದ್ದೇನೆ. ಅವರಿಗೆಂದೇ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಲ್ಫಿನ ಲೆಕ್ಕವೇ, ಚೆಂಡಿನ ಬದಲು ಸುಮಾರು ಒಂದು ಗೇಣು ಅಗಲದ ಪ್ಲಾಸ್ಟಿಕ್ ಡಿಸ್ಕ್, ಗುಳಿಯ ಬದಲು ಕಂಬಕ್ಕೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಕಡಿಮೆ ಎಸೆತದಲ್ಲಿ ಬುಟ್ಟಿ ಮುಟ್ಟಿಸಿದವರು ಗೆದ್ದರು. ಆ ಸರಪಳಿ ಬುಟ್ಟಿಯನ್ನು ರೂಪಿಸಿದ ಎಡ್ ಹೆಡ್ರಿಕ್ ಅವರೇ 1976ರಲ್ಲಿ ಪಿಡಿಜಿಎ, ಅಂದರೆ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘವನ್ನೂ ಕಟ್ಟಿದರು. ಷಾರ್ಲೆಟ್‌ನಲ್ಲಿ ಈ ಆಟಕ್ಕೆ ದೊಡ್ಡ ನೆಲೆ ಇದೆ. ಹಾರ್ನೆಟ್ಸ್ ನೆಸ್ಟ್, ರೆನೆಸಾನ್ಸ್, ನೆವಿನ್, ರೀಡಿ ಕ್ರೀಕ್ ಪಾರ್ಕುಗಳ ಅಂಗಳಗಳಲ್ಲಿ ಬೆಳಕಿರುವಷ್ಟು ಹೊತ್ತೂ ಜನ ಆಡುತ್ತಿರುತ್ತಾರೆ. ಗಡಿ ದಾಟಿ ಅರ್ಧ ಗಂಟೆ ಕಾರು ಓಡಿಸಿದರೆ ಸೌತ್ ಕ್ಯಾರೊಲೈನಾದ ರಾಕ್ ಹಿಲ್. ಅಲ್ಲಿನ ವಿಂಥ್ರಾಪ್ ವಿಶ್ವವಿದ್ಯಾಲಯದ ಆವರಣದಲ್ಲಿ 1999ರಿಂದ ಯುನೈಟೆಡ್ ಸ್ಟೇಟ್ಸ್ ಡಿಸ್ಕ್ ಗಾಲ್ಫ್ ಚಾಂಪಿಯನ್‌ಶಿಪ್ ನಡೆಯುತ್ತಿದೆ.

ಹೆಚ್ಚಿನವರು ಮೊದಲು ಕಲಿಯುವುದು ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸುವ ಎಸೆತ. ಬಲಗೈಯವರು ಹಾಗೆ ಎಸೆದರೆ ಡಿಸ್ಕ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ವೇಗ ಇಳಿಯುತ್ತಿದ್ದಂತೆ ಎಡಕ್ಕೆ ಜಾರುತ್ತದೆ. ಸೈಡ್‌ಆರ್ಮ್, ಅಂದರೆ ಫೋರ್‌ಹ್ಯಾಂಡ್, ಇದಕ್ಕೆ ಪೂರ್ತಿ ತಿರುಗುಮುರುಗು: ಕೈ ಪಕ್ಕದಿಂದ ಬರುತ್ತದೆ, ಡಿಸ್ಕ್ ಉಲ್ಟಾ ದಿಕ್ಕಿಗೆ ಸುತ್ತುತ್ತದೆ, ಕೊನೆಗೆ ಬಲಕ್ಕೆ ಹೋಗುತ್ತದೆ. ಇಲ್ಲಿಯ ಅಂಗಳಗಳೆಲ್ಲ ಪೈನ್ ಮತ್ತು ಓಕ್ ಮರಗಳ ನಡುವೆ ಕೊರೆದ ಓಣಿಗಳು. ಬಲಕ್ಕೆ ಬಾಗುವ ಓಣಿ ಬಂತೆಂದರೆ ಬ್ಯಾಕ್‌ಹ್ಯಾಂಡ್ ಒಂದನ್ನೇ ನಂಬಿದವರು ಮೊದಲ ಎಸೆತವನ್ನು ತಿರುವಿನ ತನಕ ಮಾತ್ರ ಕಳಿಸಿ, ಅಲ್ಲಿಂದ ಮತ್ತೆ ಶುರು ಮಾಡಬೇಕು. ಪ್ರತಿ ಸುತ್ತಿನಲ್ಲೂ ಅಂಥ ಹೋಲ್‌ಗಳಲ್ಲಿ (ಮೊದಲ ಎಸೆತದ ಜಾಗದಿಂದ ಬುಟ್ಟಿಯ ತನಕದ ಒಂದೊಂದು ಓಣಿಗೂ ಇದೇ ಹೆಸರು) ನನಗೊಂದೊಂದು ಎಸೆತ ಜಾಸ್ತಿ ಆಗುತ್ತಿತ್ತು. ಇದು ನನ್ನನ್ನು ನಿಜವಾಗಿ ಕಾಡುತ್ತಿತ್ತು.

ತುಮಕೂರಿನಲ್ಲಿ ಡೀಪ್ ಮಿಡ್‌ವಿಕೆಟ್‌ನಿಂದ ಓಡಿಬಂದು, ಬಗ್ಗಿ, ಪಕ್ಕಗೈಯಲ್ಲಿ ಸ್ಟಂಪಿಗೆ ಎಸೆದು ಬೆಳೆದ ಕೈ ನನ್ನದು. ಹಾಗಾಗಿ ಸೈಡ್‌ಆರ್ಮ್ ಸಲೀಸಾಗಿ ಬರುತ್ತದೆ ಎಂದು ಎಲ್ಲರೂ ಹೇಳಿದರು. ಮೊದಲ ವಾರ ಹಾಗೇ ಅನ್ನಿಸಿತು, ವೇಗ ಇತ್ತು. ಆದರೆ ಡಿಸ್ಕ್ ಕೈಬಿಟ್ಟ ಕೂಡಲೇ ತತ್ತರಿಸುತ್ತಿತ್ತು, ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಎಡಕ್ಕೆ ಮಗುಚಿ ಅಂಚಿನ ಮೇಲೆ ನೆಲಕ್ಕೆ ಬಿದ್ದು ಉರುಳುತ್ತಿತ್ತು. ಬಲಕ್ಕೆ ಹೋಗಬೇಕಾದ ಎಸೆತ ಎಡಗಡೆಯ ತೊರೆಯಲ್ಲಿ! ಮುದ್ದಾಂ ಹೇಳುತ್ತೇನೆ: ಡಿಸ್ಕಿನ ಹಿಂಬದಿಗೆ ಅಳಿಸದ ಮಾರ್ಕರ್‌ನಲ್ಲಿ ಹೆಸರು, ಫೋನ್ ನಂಬರ್ ಬರೆದಿಡಿ. ಸಿಕ್ಕವರು ಮೆಸೇಜ್ ಮಾಡಿ ವಾಪಸು ಕೊಡುವ ರೂಢಿ ಇಲ್ಲಿ ಚೆನ್ನಾಗಿದೆ. ಪೊದೆಗೆ ಕೈ ಹಾಕುವ ಮುನ್ನ ಕೋಲಿನಿಂದ ಎಲೆ ಸರಿಸಿ ನೋಡಿ. ಈ ಕಡೆ ಕಾಪರ್‌ಹೆಡ್ ಹಾವು ಸಾಮಾನ್ಯ, ಒಣಗಿದ ಎಲೆಯ ಬಣ್ಣವೇ ಅದರ ಬಣ್ಣ. ತುರಿಕೆ ಎಬ್ಬಿಸುವ ಪಾಯ್ಸನ್ ಐವಿ ಬಳ್ಳಿಯನ್ನೂ ಗುರುತಿಟ್ಟುಕೊಳ್ಳಿ.

ಮೊದಲು ಸಿಕ್ಕ ಸಲಹೆ ಅಂಗಡಿಯದು. ‘ಸೈಡ್‌ಆರ್ಮ್‌ಗೆ ಓವರ್‌ಸ್ಟೇಬಲ್ ಡಿಸ್ಕ್ ತಗೊಳ್ಳಿ, ಎಷ್ಟು ಜೋರಾಗಿ ಎಸೆದರೂ ಮಗುಚಲ್ಲ’ ಎಂದರು. ಅದು ಸುಳ್ಳಲ್ಲ. ಹೆಚ್ಚಿನ ಡಿಸ್ಕುಗಳಿಗೆ ನಾಲ್ಕು ಅಂಕಿ ಇರುತ್ತವೆ: ಸ್ಪೀಡ್, ಗ್ಲೈಡ್ (ಗಾಳಿಯಲ್ಲಿ ತೇಲುವ ಗುಣ), ಟರ್ನ್, ಫೇಡ್. ಟರ್ನ್ ಅಂದರೆ ವೇಗ ಇರುವಾಗ ಡಿಸ್ಕ್ ಎಷ್ಟು ಮಗುಚಲು ನೋಡುತ್ತದೆ ಎಂಬುದು. ಮೈನಸ್ ಹೆಚ್ಚಾದಷ್ಟೂ ಹೆಚ್ಚು ಮಗುಚುತ್ತದೆ. ಫೇಡ್ ಅಂದರೆ ವೇಗ ಸತ್ತ ಮೇಲೆ ಮತ್ತೆ ತನ್ನ ಕಡೆಗೆ ಎಷ್ಟು ಜಾರುತ್ತದೆ ಎಂಬುದು. ಇನ್ನೋವಾ ಕಂಪನಿಯ ಫೈರ್‌ಬರ್ಡ್ 9, 3, 0, 4. ಅದೇ ಕಂಪನಿಯ ಲೆಪರ್ಡ್ 6, 5, -2, 1. ಮಣಿಕಟ್ಟು ಹೊರಳಿದರೂ ಫೈರ್‌ಬರ್ಡ್ ತಡೆದುಕೊಂಡು ಬಲಕ್ಕೆ ಬರುತ್ತದೆ. ಲೆಪರ್ಡ್ ಒಂದು ಕ್ಷಣವೂ ಕ್ಷಮಿಸುವುದಿಲ್ಲ. ಒಳ್ಳೆಯ ಪ್ಲಾಸ್ಟಿಕ್‌ನ ಡಿಸ್ಕಿಗೆ 18ರಿಂದ 20 ಡಾಲರ್, ಅಗ್ಗದ ಪ್ಲಾಸ್ಟಿಕ್ಕಿನದಕ್ಕೆ ಹತ್ತು ಡಾಲರ್ ಆಸುಪಾಸು. ಫೈರ್‌ಬರ್ಡ್ ಬಂದ ಮೇಲೆ ಎಸೆತಗಳು ಬಲಕ್ಕೆ ಹೋದವು, ಸ್ಕೋರೂ ಸ್ವಲ್ಪ ಇಳಿಯಿತು. ಆದರೆ ದೂರ ಮಾತ್ರ ಸುಮಾರು 150 ಅಡಿಗೆ ನಿಂತುಬಿಟ್ಟಿತು. ಎಷ್ಟು ಬಲ ಹಾಕಿದರೂ ಅಷ್ಟೇ.

ಯಾಕೆ ಅಷ್ಟೇ ಅನ್ನುವುದು ಆಮೇಲೆ ತಿಳಿಯಿತು. ಡಿಸ್ಕ್ ಯಾವ ಸಮತಲದಲ್ಲಿ ಸುತ್ತುತ್ತದೋ ಅದೇ ಸಮತಲದಲ್ಲಿ ಕೈಯ ಬಲವೂ ಸಾಗಬೇಕು. ಬಲ ಓರೆಯಾಗಿ ಬಿದ್ದರೆ ಸುತ್ತುವ ಅಕ್ಷವೇ ಒಲೆಯುತ್ತದೆ, ಹಾರಾಟದ ಮೊದಲರ್ಧ ಆ ಒಲೆದಾಟ ನಿಲ್ಲುವುದರಲ್ಲೇ ಕಳೆದುಹೋಗುತ್ತದೆ. ಗಡುಸಾದ ಓವರ್‌ಸ್ಟೇಬಲ್ ಡಿಸ್ಕ್ ಈ ದೋಷವನ್ನು ಮುಚ್ಚಿಡುತ್ತದೆಯೇ ಹೊರತು ತಿದ್ದುವುದಿಲ್ಲ. ಸೈಡ್‌ಆರ್ಮ್ ಕಲಿಯುವವರಿಗೆ ನಾನು ಮೊದಲು ಹೇಳುವ ಮಾತು ಇದೇ: ಫೈರ್‌ಬರ್ಡ್ ಕೊಳ್ಳಿ, ಆಟದಲ್ಲಿ ಬಳಸಿ, ಆದರೆ ಅಭ್ಯಾಸಕ್ಕೆ ಅದನ್ನು ಮುಟ್ಟಬೇಡಿ.

ಬೇಸಿಗೆ ಮುಗಿಯುವ ಹೊತ್ತಿಗೆ ಪಾಠ ಹೇಳಿಸಿಕೊಳ್ಳುವುದು ಎಂದು ತೀರ್ಮಾನಿಸಿದೆ. ಇಲ್ಲಿ ಸ್ಥಳೀಯ ಆಟಗಾರರು ಕೆಲವರು ಗಂಟೆ ಲೆಕ್ಕದಲ್ಲಿ ಹೇಳಿಕೊಡುತ್ತಾರೆ; ನನಗೆ ಗಂಟೆಗೆ 60 ಡಾಲರ್ ಆಯಿತು. ಅಕ್ಟೋಬರ್‌ನಲ್ಲಿ ರಾಕ್ ಹಿಲ್‌ನ ದೊಡ್ಡ ಪಂದ್ಯ ಇರುವುದರಿಂದ ಅದರ ಮುಂಚಿನ ವಾರಗಳಲ್ಲಿ ಯಾರೂ ಸಿಗುವುದಿಲ್ಲ. ಬೇಕಾದವರು ಆಗಸ್ಟ್‌ನಲ್ಲೇ ಕೇಳಿಡಿ. ನನ್ನ ಸರದಿ ಬಂದದ್ದು ಚಳಿ ಶುರುವಾದ ಮೇಲೆ. ಹೋಗುವ ಮುನ್ನ ಫೋನಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿಕೊಂಡು ಬರಲು ಹೇಳಿದ್ದರು: ಒಂದು ಹಿಂದಿನಿಂದ, ಇನ್ನೊಂದು ಬಲ ಪಕ್ಕದಿಂದ, ಸೆಕೆಂಡಿಗೆ 240 ಚಿತ್ರಗಳ ವೇಗದಲ್ಲಿ. ನನ್ನ ಹೆಂಡತಿ ಚಳಿಯಲ್ಲಿ ನಿಂತು ಹಿಡಿದುಕೊಟ್ಟಳು. ಮನೆಗೆ ಬಂದು ನೋಡುವಾಗ ಅವಳೇ ಮೊದಲು ಕಂಡಳು: ‘ರೀ, ಬಿಡೋ ಹೊತ್ತಿಗೆ ನಿಮ್ಮ ಹೆಬ್ಬೆರಳು ಮೇಲೆ ಬಂದುಬಿಡ್ತಾ ಇದೆ ನೋಡಿ.’

ಅದೇ ಆಗಿತ್ತು. ಕ್ರಿಕೆಟ್ ಚೆಂಡು ಎಸೆಯುವ ಕೈ ಕೊನೆಯಲ್ಲಿ ಒಳಕ್ಕೆ ಹೊರಳುತ್ತದೆ, ಅಂಗೈ ನೆಲ ನೋಡುತ್ತದೆ. ಚೆಂಡಿಗೆ ಅದರಿಂದ ತೊಂದರೆ ಇಲ್ಲ. ಗುಂಡಗಿದೆ, ಯಾವ ಕಡೆ ಹೊರಳಿದರೂ ಗುರಿಗೇ ಹೋಗುತ್ತದೆ. ಡಿಸ್ಕ್ ಹಾಗಲ್ಲ. ಅಂಗೈ ಒಳಕ್ಕೆ ಹೊರಳಿದ ಕ್ಷಣ ಬಲ ಅಂಚು ಮೇಲೇಳುತ್ತದೆ, ಎಡ ಅಂಚು ಕೆಳಗಾಗುತ್ತದೆ, ಡಿಸ್ಕ್ ಎಡಕ್ಕೆ ಮಗುಚುತ್ತದೆ. ಕೋಚ್ ಆ ವಿಡಿಯೊವನ್ನು ಒಂದೊಂದೇ ಚೌಕಟ್ಟಾಗಿ ಸರಿಸಿ ತೋರಿಸಿದರು. ವರ್ಷಗಟ್ಟಲೆ ರೂಢಿಯಾದ ಚಲನೆ ಅದು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಅದನ್ನು ಅಷ್ಟು ಸ್ಪಷ್ಟವಾಗಿ ನೋಡಿ ನನಗೆ ದೊಡ್ಡ ಸಮಾಧಾನವಾಯಿತು. ರೋಗದ ಹೆಸರು ಗೊತ್ತಾಗಿತ್ತು.

ಪಾಠದ ಮೊದಲ ಗಂಟೆಯಲ್ಲಿ ದೂರಕ್ಕೆ ಎಸೆಯುವ ಡ್ರೈವರ್ ಡಿಸ್ಕನ್ನು ಮುಟ್ಟಲೇ ಇಲ್ಲ. ಚೀಲದಿಂದ ಏವಿಯಾರ್ ಪಟ್ಟರ್ ತೆಗೆಸಿದರು. ಬುಟ್ಟಿಗೆ ಹಾಕಲು ಬಳಸುವ ನಿಧಾನದ ಡಿಸ್ಕ್ ಅದು: 2, 3, 0, 1. ಅದನ್ನು ಸೈಡ್‌ಆರ್ಮ್‌ನಲ್ಲಿ, ನಿಂತಲ್ಲೇ ನಿಂತು, ಮೂವತ್ತು ಹೆಜ್ಜೆ ದೂರಕ್ಕೆ ಎಸೆಯಬೇಕು. ಪಟ್ಟರ್ ಎಸೆತದ ಕನ್ನಡಿ ಎಂದರು. ಸ್ವಲ್ಪ ಕೈ ಹೊರಳಿದರೂ ಗಾಳಿಯಲ್ಲಿ ನಡುಗುತ್ತದೆ. ನಡುಕವಿಲ್ಲದೆ ಹೋದ ಎಸೆತವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು, ದೂರ ನೋಡಲೇಬಾರದು.

ಆಮೇಲೆ ಹಿಡಿತ. ನಡುಬೆರಳಿನ ಮೆತ್ತನೆಯ ತುದಿ ಡಿಸ್ಕಿನ ಒಳ ರಿಮ್ಮಿಗೆ ಒತ್ತಿರಬೇಕು. ತೋರುಬೆರಳು ಅದರ ಪಕ್ಕಕ್ಕೇ ಅಂಟಿಕೊಂಡರೆ ಬಲ ಹೆಚ್ಚು. ತೋರುಬೆರಳನ್ನು ಬಿಡಿಸಿ ಡಿಸ್ಕಿನ ಕೆಳಗೆ ಮಧ್ಯದ ಕಡೆಗೆ ಚಾಚಿದರೆ ಹತೋಟಿ ಹೆಚ್ಚು. ಹೆಬ್ಬೆರಳು ಮೇಲೆ, ಗಟ್ಟಿಯಾಗಿ. ಕಲಿಯುವಾಗ ಬೆರಳು ಬಿಡಿಸಿ ಹಿಡಿದರೆ ಡಿಸ್ಕ್ ಕೆಳಕ್ಕೆ ಜೋತುಬೀಳುವುದಿಲ್ಲ. ನಾನು ಮೂರ್ನಾಲ್ಕು ತಿಂಗಳು ಹಾಗೆಯೇ ಹಿಡಿದು, ಮಣಿಕಟ್ಟು ಹದಕ್ಕೆ ಬಂದ ಮೇಲೆ ಬೆರಳು ಜೋಡಿಸಿದೆ. ನಡುಬೆರಳ ಪಕ್ಕದ ಚರ್ಮ ಮೊದಲು ಸುಲಿಯುತ್ತದೆ, ಆಮೇಲೆ ಜಡ್ಡುಗಟ್ಟುತ್ತದೆ. ಟೇಪ್ ಸುತ್ತಿದರೆ ಹಿಡಿತದ ಅಂದಾಜೇ ತಪ್ಪುತ್ತದೆ. ಎರಡು ದಿನ ಬಿಟ್ಟುಬಿಡುವುದೇ ಮೇಲು.

ಇನ್ನು ಕೈಯ ದಾರಿ. ಎಲ್ಲದಕ್ಕಿಂತ ಹೆಚ್ಚು ಸಮಯ ತಿಂದದ್ದು ಇದು. ಕೆರೆ ದಂಡೆಯಲ್ಲಿ ನಿಂತು ನೀರಿನ ಮೇಲೆ ಚಪ್ಪಟೆ ಕಲ್ಲು ಚಿಮ್ಮಿಸುತ್ತೇವಲ್ಲ, ಆ ಚಲನೆಯೇ. ಮೊಣಕೈ ಸೊಂಟದ ಹತ್ತಿರ ಇದ್ದು ಮೊದಲು ಮುಂದಕ್ಕೆ ಬರುತ್ತದೆ, ಮುಂಗೈ ಹಿಂದೆ ಉಳಿಯುತ್ತದೆ, ಕಟ್ಟಕಡೆಗೆ ಮಣಿಕಟ್ಟು ಚಿಮ್ಮುತ್ತದೆ. ಅಂಗೈ ಆ ಇಡೀ ಹೊತ್ತು ಆಕಾಶ ನೋಡುತ್ತಿರಬೇಕು. ನನ್ನ ಮೊಣಕೈ ಮೈಯಿಂದ ದೂರ ಹೋಗಿ, ಇಡೀ ತೋಳು ಬೀಸುತ್ತಿತ್ತು. ತೋಳು ಬೀಸಿದಾಗ ಮಣಿಕಟ್ಟಿಗೆ ಕೆಲಸ ಉಳಿಯುವುದಿಲ್ಲ, ಸುತ್ತು ಕಡಿಮೆಯಾಗುತ್ತದೆ. ಸುತ್ತು ಕಡಿಮೆಯಾದ ಡಿಸ್ಕ್ ಬೇಗ ಸಾಯುತ್ತದೆ. ಕೋಚ್ ಹೇಳಿದ ಅಭ್ಯಾಸ ಸರಳವಾಗಿತ್ತು. ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟು ಬರೀ ಮುಂಗೈ ಮತ್ತು ಮಣಿಕಟ್ಟಿನಿಂದ ಹದಿನೈದು ಹೆಜ್ಜೆ ದೂರ ಎಸೆಯಿರಿ, ಡಿಸ್ಕ್ ನಡುಗದೆ ಹೋಗುವ ತನಕ ಮೊಣಕೈ ಬಿಡಬೇಡಿ. ಜೊತೆಗೆ ಡಿಸ್ಕಿನ ಹೊರ ಅಂಚನ್ನು ಸ್ವಲ್ಪ ಕೆಳಗಿಟ್ಟೇ ಬಿಡಬೇಕು. ಆಟದ ಮಾತಿನಲ್ಲಿ ಅದು ಹೈಜರ್. ಕೈ ಹಳೆಯ ರೂಢಿಯಲ್ಲಿ ಚೂರು ಹೊರಳಿದರೂ ಆ ಓರೆ ಅದನ್ನು ನುಂಗಿಕೊಳ್ಳುತ್ತದೆ.

ಆ ಚಳಿಗಾಲವೆಲ್ಲ ಬೆಳಗ್ಗೆ ಆಫೀಸಿನ ಮುಂಚೆ ಹತ್ತಿರದ ಸಾಕರ್ ಮೈದಾನಕ್ಕೆ ಹೋಗುತ್ತಿದ್ದೆ. ಹತ್ತು ಪಟ್ಟರ್‌ಗಳು, ಎಲ್ಲ ಒಂದೇ ತೂಕದವು, 175 ಗ್ರಾಮ್ ಆಸುಪಾಸು. ಹಳೆಯ ಡಿಸ್ಕ್ ಮಾರುವ ಅಂಗಡಿಗಳಲ್ಲಿ ಒಂದೊಂದು ಏಳೆಂಟು ಡಾಲರ್‌ಗೆ ಸಿಗುತ್ತವೆ, ಹೊಸದು ಬೇಕಿಲ್ಲ. ಮಂಜು ಬಿದ್ದ ಹುಲ್ಲಿನಲ್ಲಿ ಡಿಸ್ಕ್ ಒದ್ದೆಯಾಗುತ್ತದೆ. ಎರಡು ಟವೆಲ್ ಬೇಕೇ ಬೇಕು. ಬೆರಳು ಮರಗಟ್ಟಿದರೆ ಹಿಡಿತವೇ ತಿಳಿಯದು, ಜೇಬಿನಲ್ಲಿಡುವ ಬಿಸಿ ಪೊಟ್ಟಣಗಳು ಒಳ್ಳೆಯ ಸಹಾಯ. ಒಂದು ಬೆಳಗ್ಗೆ, ಯಾವ ಮುನ್ಸೂಚನೆಯೂ ಇಲ್ಲದೆ, ಒಂದು ಪಟ್ಟರ್ ಸದ್ದೇ ಇಲ್ಲದ ಹಾಗೆ ಹೊರಟು, ನೇರ ಹೋಗಿ, ಕೊನೆಯಲ್ಲಿ ಮೆಲ್ಲಗೆ ಬಲಕ್ಕೆ ವಾಲಿ ಕೂತಿತು. ಡಿಸ್ಕಿನ ಮೇಲಿನ ಅಚ್ಚು ಗಾಳಿಯಲ್ಲಿ ಒಂದೇ ವೃತ್ತವಾಗಿ ಕಂಡಿತು. ನಾನು ಒಬ್ಬನೇ ಆ ಮೈದಾನದಲ್ಲಿ ಕೂಗಿಬಿಟ್ಟೆ. ಅಷ್ಟು ಸಂತೋಷ ನನಗೆ ಆಟದಲ್ಲಿ ಯಾವತ್ತೂ ಆಗಿರಲಿಲ್ಲ.

ಆ ಉತ್ಸಾಹದಲ್ಲೇ ಮೊಣಕೈ ಕೈಕೊಟ್ಟಿತು. ಮೊಣಕೈಯ ಒಳಬದಿಯಲ್ಲಿ ಒಂದು ಮೂಳೆಯ ಉಬ್ಬು ಇದೆ. ಬೆರಳು ಮತ್ತು ಮಣಿಕಟ್ಟನ್ನು ಒಳಕ್ಕೆ ಬಗ್ಗಿಸುವ ಸ್ನಾಯುಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ಮೊದಲು ಎಸೆದ ಮಾರನೆಯ ದಿನ ಮಾತ್ರ ನೋವು. ಆಮೇಲೆ ಹಾಲಿನ ಡಬ್ಬಿ ಎತ್ತುವಾಗ, ಬಾಗಿಲಿನ ಹಿಡಿ ತಿರುಗಿಸುವಾಗ. ಗಾಲ್ಫರ್ಸ್ ಎಲ್ಬೋ ಎನ್ನುವುದು ಇದನ್ನೇ. ಸೈಡ್‌ಆರ್ಮ್ ಎಸೆಯುವವರನ್ನು ಇದು ಹುಡುಕಿಕೊಂಡು ಬರುತ್ತದೆ, ಯಾಕೆಂದರೆ ಬ್ಯಾಕ್‌ಹ್ಯಾಂಡ್‌ನಂತೆ ಇಲ್ಲಿ ಬೆನ್ನು, ಭುಜ ಅಷ್ಟಾಗಿ ಹೊರೆ ಹಂಚಿಕೊಳ್ಳುವುದಿಲ್ಲ. ಜಗ್ಗಾಟ ಹೆಚ್ಚಾಗಿ ಮೊಣಕೈಯ ಒಳಬದಿಗೇ.

ಇಲ್ಲಿ ಕಾಗದಪತ್ರದ ಕಥೆ ಹೇಳಬೇಕು, ಏಕೆಂದರೆ ಹೊಸದಾಗಿ ಬಂದವರು ಇದರಲ್ಲಿ ಬಹಳ ಒದ್ದಾಡುತ್ತಾರೆ. ನೇರವಾಗಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಲು ಕಾನೂನಿನ ಅಡ್ಡಿ ಇಲ್ಲ. ಆದರೆ ನನ್ನ ಇನ್ಶೂರೆನ್ಸ್ ದುಡ್ಡು ಕೊಡಬೇಕಾದರೆ ಡಾಕ್ಟರ ಪತ್ರ ಬೇಕೆಂದಿತು. ಡಾಕ್ಟರ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾದೆ. ಪತ್ರ ಸಿಕ್ಕಿತು, ಕ್ಲಿನಿಕ್‌ಗೆ ಫ್ಯಾಕ್ಸ್ ಹೋಯಿತು, ಕ್ಲಿನಿಕ್‌ನವರು ಬಂದಿಲ್ಲ ಎಂದರು. ಮತ್ತೆ ಕಳಿಸಿದರು. ಅಷ್ಟರಲ್ಲಿ ತಿಂಗಳ ಮೇಲಾಗಿತ್ತು. ಇಷ್ಟಾದ ಮೇಲೆ ತಿಳಿದದ್ದು: ನನ್ನ ಪಾಲಿಸಿಯಲ್ಲಿ ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮುನ್ನ ನಾವೇ ಕಟ್ಟಬೇಕಾದ ಮೊತ್ತ) ತುಂಬುವ ತನಕ ಪೂರ್ತಿ ಬಿಲ್ಲು ನನ್ನದೇ, ಮತ್ತು ಇನ್ಶೂರೆನ್ಸ್ ಮೂಲಕ ಹೋದ ಬಿಲ್ಲಿಗಿಂತ ಕೈಯಿಂದ ಕಟ್ಟುವ ದರವೇ ಕಡಿಮೆ. ಮೊದಲ ಭೇಟಿಗೆ 150 ಡಾಲರ್ ಹತ್ತಿರ, ಆಮೇಲಿನವಕ್ಕೆ ಅದಕ್ಕಿಂತ ಕಡಿಮೆ. ಆದ್ದರಿಂದ ಫೋನ್ ಮಾಡುವಾಗಲೇ ಎರಡು ಪ್ರಶ್ನೆ ಕೇಳಿ: ಸೆಲ್ಫ್ ಪೇ ದರ ಎಷ್ಟು, ಇನ್ಶೂರೆನ್ಸ್ ದರ ಎಷ್ಟು. ಎಚ್‌ಎಸ್‌ಎ (ವೈದ್ಯಕೀಯ ಖರ್ಚಿಗೆಂದು ದುಡ್ಡು ಕೂಡಿಡುವ ಖಾತೆ) ಕಾರ್ಡ್ ಇದ್ದರೆ ಅದರಲ್ಲೇ ಕಟ್ಟಬಹುದು. ರಸೀದಿ ಇಟ್ಟುಕೊಳ್ಳಿ, ಡಾಕ್ಟರ ಪತ್ರದ ಒಂದು ಪ್ರತಿಯನ್ನು ಕೈಯಲ್ಲೇ ಹಿಡಿದು ಹೋಗಿ.

ಫಿಸಿಯೋ ಹೇಳಿದ ವ್ಯಾಯಾಮ ಎರಡೇ. ಮೊದಲನೆಯದು, ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಮೇಲೆ ಮಾಡಿ, ಎರಡು ಪೌಂಡಿನ ಡಂಬೆಲ್ ಹಿಡಿದು ಮಣಿಕಟ್ಟನ್ನು ತುಂಬಾ ನಿಧಾನವಾಗಿ ಕೆಳಗಿಳಿಸುವುದು. ಮೇಲೆತ್ತಲು ಎಡಗೈಯ ಸಹಾಯ. ಎರಡನೆಯದು, ರಬ್ಬರಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿ, ನಿಧಾನ ಬಿಡುವುದು. ಸ್ವಲ್ಪ ನೋವು ಪರವಾಗಿಲ್ಲ, ಮಾರನೆಯ ಬೆಳಗ್ಗೆ ಹೆಚ್ಚಾಗಿರಬಾರದು. ಎಸೆಯುವುದು ಪೂರ್ತಿ ಬಂದ್.

ಆ ತಿಂಗಳುಗಳು ಕಷ್ಟದವು. ವಾರಾಂತ್ಯಕ್ಕೆ ಗೆಳೆಯರು ಕರೆದರೆ ಹೋಗಿ ಜೊತೆಗೆ ನಡೆಯುತ್ತಿದ್ದೆ, ಬುಟ್ಟಿಯ ಹತ್ತಿರ ಎಡಗೈಯಲ್ಲಿ ಪಟ್ ಮಾಡುತ್ತಿದ್ದೆ. ಈಗಷ್ಟೇ ಕೈಗೆ ಹತ್ತಿದ್ದು ಮರೆತುಹೋಗುತ್ತದೆ ಎಂಬ ಹೆದರಿಕೆ ಒಳಗೇ ಇತ್ತು. ಹಾಸನದ ಕಡೆಯ ಗೆಳೆಯನೊಬ್ಬ ಸಮಾಧಾನ ಮಾಡಿದ: ‘ಮಾರಾಯ, ಕೈ ಕಲಿತಿದ್ದು ಎಲ್ಲಿಗೂ ಹೋಗಲ್ಲ. ನೋವು ಇಟ್ಕೊಂಡು ಎಸೆದ್ರೆ ಮಾತ್ರ ಎರಡೂ ಹೋಗುತ್ತೆ.’

ಬಿಡುವಿನಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ, ಬಲ್ಲವರ ಎಸೆತ ನೋಡಿದ್ದು. 2012ರ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ನಮ್ಮ ಷಾರ್ಲೆಟ್‌ನಲ್ಲೇ. ಮಹಿಳೆಯರ ಕಿರೀಟ ಗೆದ್ದ ಸಾರಾ ಹೋಕಮ್ ಸೈಡ್‌ಆರ್ಮ್ ಅನ್ನೇ ಮುಖ್ಯ ಆಯುಧ ಮಾಡಿಕೊಂಡವರು. 2017ರಲ್ಲಿ ವಿಂಥ್ರಾಪ್‌ನಲ್ಲಿ ಗೆದ್ದ ನೇಟ್ ಸೆಕ್ಸ್‌ಟನ್ ಅವರ ಹೆಸರಿನಲ್ಲೇ ಫೈರ್‌ಬರ್ಡ್ ಅಚ್ಚಾಗುತ್ತದೆ. ನಿಧಾನಗತಿಯಲ್ಲಿ ಇಂಥವರ ಕೈ ನೋಡುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಡಿಸ್ಕ್ ಕೈಬಿಡುವ ತನಕ ಅಂಗೈ ಮೇಲಿದೆ. ಕೈಬಿಟ್ಟ ಮೇಲೆ ಕೈ ತನ್ನ ಪಾಡಿಗೆ ಸಡಿಲವಾಗಿ ಹೊರಳುತ್ತದೆ. ನಾನೋ, ಅಂಗೈ ಮೇಲೆ ಎಂಬ ಮಾತನ್ನು ಹಿಡಿದು, ಡಿಸ್ಕ್ ಹೋದ ಮೇಲೂ ಕೈಯನ್ನು ಬಿಗಿಹಿಡಿದು ನಿಲ್ಲಿಸುತ್ತಿದ್ದೆ. ಫಿಸಿಯೋಗೆ ತೋರಿಸಿದಾಗ ಅವರೂ ತಲೆಯಾಡಿಸಿದರು: ವೇಗದಲ್ಲಿರುವ ಕೈಗೆ ಹಠಾತ್ ಬ್ರೇಕ್ ಹಾಕಿದರೆ ಆ ಹೊರೆ ಮೊಣಕೈಗೇ ಬೀಳುತ್ತದೆ. ಅಂಗೈ ಆಕಾಶಕ್ಕೆ, ಆದರೆ ಡಿಸ್ಕ್ ಬೆರಳಿನಿಂದ ಕೀಳುವ ತನಕ ಮಾತ್ರ. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ನನಗೆ ಒಂದು ಬೇಸಿಗೆ ಉಳಿಯುತ್ತಿತ್ತು.

ಮರಳಿ ಎಸೆಯಲು ಶುರು ಮಾಡಿದಾಗ ಕಾಲಿನ ಕಡೆ ಗಮನ ಕೊಟ್ಟೆ. ಬಲಗೈ ಸೈಡ್‌ಆರ್ಮ್‌ಗೆ ಎಡಗಾಲು ಮುಂದೆ ಊರುತ್ತದೆ. ಅದು ನೆಲಕ್ಕೆ ಗಟ್ಟಿಯಾಗಿ ತಾಗಿದ ಮೇಲೆ ಸೊಂಟ ತೆರೆದುಕೊಳ್ಳಬೇಕು, ಆಮೇಲೆ ಭುಜ, ಆಮೇಲೆ ಮೊಣಕೈ, ಕೊನೆಗೆ ಮಣಿಕಟ್ಟು. ಈ ಸಾಲು ತಪ್ಪಿ ಕೈ ಮೊದಲು ಹೊರಟರೆ ಮೊಣಕೈ ಒಂದೇ ದುಡಿಯಬೇಕಾಗುತ್ತದೆ. ಮೂರು ಹೆಜ್ಜೆಯ ನಡಿಗೆ ಸಾಕು, ಓಡುವುದು ಬೇಡ. ಷಾರ್ಲೆಟ್‌ನ ಕೆಂಪು ಜೇಡಿಮಣ್ಣು ಮಳೆಗೆ ಸೋಪಿನಂತಾಗುತ್ತದೆ. ಒಳ್ಳೆಯ ಹಲ್ಲಿರುವ ಬೂಟು ಇಲ್ಲದೆ ಎಡಗಾಲು ಊರುವುದೇ ಆಗದು. ಮೊದಲ ಎಸೆತ ಬಿಟ್ಟರೆ ಮಿಕ್ಕವನ್ನು ಡಿಸ್ಕ್ ಬಿದ್ದ ಜಾಗದ ಹಿಂದೆ ಕಾಲಿಟ್ಟೇ ಎಸೆಯಬೇಕು ಎಂಬ ನಿಯಮ ಇರುವುದರಿಂದ, ನಿಂತಲ್ಲಿಂದಲೇ ಎಸೆಯುವ ಅಭ್ಯಾಸ ಬಿಡಬೇಡಿ. ಮರದ ಬುಡದಲ್ಲಿ ಸಿಕ್ಕಿಕೊಂಡಾಗ ಬ್ಯಾಕ್‌ಹ್ಯಾಂಡ್‌ಗೆ ಜಾಗವೇ ಇರುವುದಿಲ್ಲ, ಒಂದು ಕಾಲು ಚಾಚಿ ಸೈಡ್‌ಆರ್ಮ್ ಎಸೆದರೆ ಹೊರಬರಬಹುದು.

ಇನ್ನೊಂದು ಸಣ್ಣ ವಿಷಯ, ಪರಿಣಾಮ ದೊಡ್ಡದು: ಡಿಸ್ಕಿನ ಮೂತಿ. ಬಿಡುವಾಗ ಮುಂದಿನ ಅಂಚು ಮೇಲೆದ್ದಿದ್ದರೆ ಡಿಸ್ಕ್ ಏರಿ, ನಿಂತು, ದೊಪ್ಪನೆ ಬೀಳುತ್ತದೆ. ಬಲ ಹಾಕುವ ಭರದಲ್ಲಿ ಮೈ ಹಿಂದಕ್ಕೆ ವಾಲಿದರೆ ಹೀಗಾಗುತ್ತದೆ. ಎದೆಯನ್ನು ಚೂರು ಮುಂದಕ್ಕೆ ಬಾಗಿಸಿ ಎಸೆದ ದಿನ ಲೆಪರ್ಡ್ 200 ಅಡಿ ದಾಟಿತು. ಫೋನಿನ ಯುಡಿಸ್ಕ್ ಆ್ಯಪ್‌ನಲ್ಲಿ ಎಸೆತದ ದೂರ ಅಳೆಯಬಹುದು, ನಾನು ಅದನ್ನೇ ಬಳಸುತ್ತೇನೆ. ಈಗ ಹಿತವಾಗಿ 250 ಅಡಿ ಬರುತ್ತದೆ, ಒಳ್ಳೆಯ ದಿನ ಅದಕ್ಕಿಂತ ಸ್ವಲ್ಪ ಆಚೆ. ಹಿಂದೆ ಹಾಕುತ್ತಿದ್ದ ಬಲದ ಅರ್ಧವೂ ಬೇಕಿಲ್ಲ.

ಪಂದ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಡಿಜಿಎ ಮಾನ್ಯತೆಯ ಒಂದು ಸಣ್ಣ ಪಂದ್ಯಕ್ಕೆ ಹೆಸರು ಕೊಟ್ಟೆ. ಪ್ರವೇಶ ಶುಲ್ಕ 45 ಡಾಲರ್, ಹೊಸಬರ ಎಂಎ4 ವಿಭಾಗ. ನೋಂದಣಿ ತೆರೆದ ಸಂಜೆಯೇ ಜಾಗ ತುಂಬಿ ವೇಟಿಂಗ್ ಲಿಸ್ಟ್‌ಗೆ ಬಿದ್ದೆ. ಪಂದ್ಯದ ವಾರ ಯಾರೋ ಬಿಟ್ಟಾಗ ಜಾಗ ಸಿಕ್ಕಿತು. ವೇಟಿಂಗ್ ಲಿಸ್ಟ್ ನೋಡಿ ಹಿಂಜರಿಯಬೇಡಿ, ಕೊನೆಯ ವಾರ ಬಹಳ ಜನ ಬಿಡುತ್ತಾರೆ. ಸಂಘದ ಸದಸ್ಯತ್ವ ಇಲ್ಲದವರು ಸ್ವಲ್ಪ ಹೆಚ್ಚು ಕಟ್ಟಿದರಾಯಿತು. ಎಸೆಯಲು 30 ಸೆಕೆಂಡು ಮಾತ್ರ ಎಂಬುದನ್ನು ನೆನಪಿಡಿ. ಅಭ್ಯಾಸದಲ್ಲಿ ನಾನು ಮೂರು ಬಾರಿ ಕೈ ಬೀಸಿ ನೋಡುತ್ತಿದ್ದೆ, ಅಲ್ಲಿ ಒಂದೇ ಸಲ. ಬಲಕ್ಕೆ ಬಾಗುವ ಹೋಲ್‌ಗಳಲ್ಲಿ ಸೈಡ್‌ಆರ್ಮ್ ಹೊರತು ಬೇರೆ ಎಸೆಯಲಿಲ್ಲ. ಎರಡು ಕಡೆ ಮರಕ್ಕೆ ಬಡಿಯಿತು, ಮಿಕ್ಕ ಕಡೆ ತಿರುವು ದಾಟಿ ಬುಟ್ಟಿ ಕಾಣುವಲ್ಲಿ ಕೂತಿತು. ಪಟ್ಟಿಯ ಮಧ್ಯದಲ್ಲಿ ಮುಗಿಸಿದೆ. ನನಗೆ ತುಂಬ ತೃಪ್ತಿಯಾಯಿತು.

ಈಗ ವಾರಕ್ಕೆ ಎರಡು ದಿನ ಮಾತ್ರ ಸೈಡ್‌ಆರ್ಮ್ ಅಭ್ಯಾಸ, ನಡುವೆ ಕನಿಷ್ಠ ಎರಡು ದಿನ ಬಿಡುವು. ಶುರುವಿನಲ್ಲಿ ಹತ್ತು ನಿಮಿಷ ಭುಜ, ಮಣಿಕಟ್ಟು ಬಿಸಿ ಮಾಡಿಕೊಂಡು ಪಟ್ಟರ್‌ನಿಂದಲೇ ಆರಂಭ, ನಡುಕವಿಲ್ಲದ ಎಸೆತಗಳು ಸಾಲಾಗಿ ಬಂದ ಮೇಲೆ ಲೆಪರ್ಡ್. ಡಂಬೆಲ್ ವ್ಯಾಯಾಮ ಇನ್ನೂ ಬಿಟ್ಟಿಲ್ಲ. ಕೋಚ್ ಪಾಠ, ಫಿಸಿಯೋ, ಡಿಸ್ಕ್, ಬೂಟು ಎಲ್ಲ ಸೇರಿ ಖರ್ಚು ಸಾವಿರ ಡಾಲರ್ ಹತ್ತಿರ ಹೋಯಿತು. ಅದರಲ್ಲಿ ದೊಡ್ಡ ಪಾಲು ಮೊಣಕೈಯದು. ಶುರುವಿನಿಂದಲೇ ಪಟ್ಟರ್ ಹಿಡಿದು, ಬಿಡುವು ಕೊಟ್ಟು ಕಲಿತವರಿಗೆ ಇನ್ನೂರು ಡಾಲರ್ ಒಳಗೆ ಆಗಬಹುದು. ಮುಂದಿನ ಪಾಠ ಮಾರ್ಚ್‌ನಲ್ಲಿ ಸಿಕ್ಕಿದೆ: ಫೈರ್‌ಬರ್ಡ್ ಅನ್ನು ಬೇಕೆಂದೇ ಎಡಕ್ಕೆ ಓರೆ ಮಾಡಿ ಬಿಟ್ಟು, ಅರ್ಧ ದಾರಿಯಲ್ಲಿ ಬಲಕ್ಕೆ ಹೊರಳಿಸುವ ಫ್ಲೆಕ್ಸ್ ಎಸೆತ. ಅದಕ್ಕೆ ಮುಂಚೆ ಹೊಸದಾಗಿ ಕಲಿಯುವವರು ಯಾರಾದರೂ ಶನಿವಾರ ಬೆಳಗ್ಗೆ ರೀಡಿ ಕ್ರೀಕ್ ಕಡೆ ಬರುವುದಾದರೆ ಬನ್ನಿ, ಎರಡು ಪಟ್ಟರ್, ಒಂದು ಟವೆಲ್ ತನ್ನಿ. ವಿಡಿಯೊ ನಾನು ಹಿಡಿದುಕೊಡುತ್ತೇನೆ.